ಹೆಚ್ಚಾದ ಕರಿಮಣಿ

ಬಿಳಿಚೋಡು
3 ಫೆಬ್ರವರಿ 2025

ಶಿವಲೀಲಾ ಅವರಿಗೆ,

ಗಂಡ ಸತ್ತು ತಿಂಗಳು ತುಂಬುವ ಮೊದಲೇ ನೀವು ಹೊನ್ನೂರಮ್ಮನ ಕೈಯಿಂದ ಕೆಲಸ ಕಿತ್ತುಕೊಂಡಿದ್ದೀರಿ. ಇದು ಅನ್ಯಾಯ. ಇದಕ್ಕೆ ಮೃದುವಾದ ಬೇರೆ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬಳಸುವುದಿಲ್ಲ.

ಶನಿವಾರದ ಬಸ್ಸಿನಲ್ಲಿ ಚನ್ನಗಿರಿಯಿಂದ ನಿಮ್ಮ ತಗಡಿನ ಡಬ್ಬಿ ಬಂತು. ಎಂದಿನಂತೆ ಚೌಡಕ್ಕನ ಮನೆಯ ಜಗಲಿಯ ಮೇಲೆ ಬಿಚ್ಚಿದೆವು. ತಂತಿಯ ಸುರುಳಿ, ಕರಿಮಣಿ ತುಂಬಿದ ಪೊಟ್ಟಣ, ಪೊಟ್ಟಣದ ಮೇಲೆ ನಿಮ್ಮ ಅಕ್ಷರದಲ್ಲಿ ಹೆಸರು. ನಾಲ್ಕು ಹೆಸರು ಬಂದವು. ಐದನೆಯದು ಬರಲಿಲ್ಲ. ಹೊನ್ನೂರಮ್ಮ ಕೈ ತೊಳೆದುಕೊಂಡು, ಇಕ್ಕಳವನ್ನು ಸೆರಗಿನಿಂದ ಒರೆಸಿಕೊಂಡು, ತಯಾರಾಗಿ ಕೂತಿದ್ದರು.

“ನಂದು ಅಡಿಯಾಗೈತೇನೋ ನೋಡು ಮಗಾ” ಅಂದರು.

ನಾನು ಡಬ್ಬಿಯನ್ನು ಬೋರಲು ಹಾಕಿ ತೋರಿಸಿದೆ. ಚೌಡಕ್ಕ ಬೀದಿಯ ಕಡೆ ಮುಖ ತಿರುಗಿಸಿದಳು. ಹೊನ್ನೂರಮ್ಮ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಮುಂದಿನ ವಾರ ಬರತೈತೆ ಬಿಡು” ಎಂದು ಎದ್ದು ಹೋದರು. ಬರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು, ನಿಮಗೂ ಗೊತ್ತು.

ಈ ಊರಿಗೆ ಇಕ್ಕಳ ತಂದವರೇ ಅವರು. ಒಂದೊಂದು ಮಣಿಯೊಳಗೆ ತಂತಿ ತೂರಿಸಿ, ಎರಡೂ ತುದಿಗೆ ಕೊಂಡಿ ತಿರುವಿ, ಕೊಂಡಿಗೆ ಕೊಂಡಿ ಸಿಕ್ಕಿಸುವುದನ್ನು ನಮಗೆಲ್ಲ ಕಲಿಸಿದವರು ಅವರು. ನಿಮ್ಮ ಅಂಗಡಿಯ ಗಾಜಿನ ಪೆಟ್ಟಿಗೆ ತುಂಬಿದ್ದು ಅವರ ಬೆರಳುಗಳಿಂದ. ಅವರ ಗಂಡ ರಂಗಣ್ಣ ಕುರಿಹಟ್ಟಿಯಲ್ಲಿ ಎದೆ ಹಿಡಿದುಕೊಂಡು ಕುಸಿದದ್ದು ಜನವರಿ ಹನ್ನೊಂದಕ್ಕೆ. ಅಲ್ಲಿಯವರೆಗೆ ಚೆನ್ನಾಗಿದ್ದ ಬೆರಳುಗಳು ಹನ್ನೆರಡಕ್ಕೆ ಮೈಲಿಗೆಯಾದವೇ? ಮುತ್ತೈದೆ ಕಟ್ಟಿದರೆ ಮಾತ್ರ ಕರಿಮಣಿ, ವಿಧವೆ ಕಟ್ಟಿದರೆ ಅಪಶಕುನ ಎಂದು ನಿಮ್ಮ ಪೇಟೆಯಲ್ಲಿ ಹೊಸ ಕಾನೂನು ಬಂದಿದೆಯೇ?

ನಾನು ಪಿಯುಸಿಗೆ ಓದು ಬಿಟ್ಟವಳು. ಆದರೆ ದಾವಣಗೆರೆಯ ಸಮಾವೇಶಗಳಲ್ಲಿ ಹಂಚುವ ಕಿರುಹೊತ್ತಿಗೆಗಳನ್ನು ಒಂದೂ ಬಿಡದೆ ಓದಿದ್ದೇನೆ. ಮನೆಯ ಜಗಲಿಯ ಮೇಲೆ ಕೂತು ದುಡಿಯುವವಳೂ ಕಾರ್ಮಿಕಳೇ ಎಂದು ಅವುಗಳಲ್ಲಿ ಬರೆದಿದೆ. ಕಾರಣ ಹೇಳದೆ ಅವಳನ್ನು ತೆಗೆಯುವಂತಿಲ್ಲ.

ಫೋನ್ ಮಾಡಿದರೆ ನಿಮ್ಮ ಅತ್ತೆ ಎತ್ತುತ್ತಾರೆ. ನೀವೇ ಎತ್ತಿದರೂ ಫೋನಿನ ಮಾತು ಗಾಳಿಗೆ ಹೋಗುತ್ತದೆ. ಕಾರಣವನ್ನು ಬರೆದು ಕಳಿಸಿ.

ಗಂಗೋತ್ರಿ


ಚನ್ನಗಿರಿ
8 ಫೆಬ್ರವರಿ 2025

ಗಂಗೋತ್ರಿಗೆ ಶಿವಲೀಲಾಳ ಆಶೀರ್ವಾದ.

ನಿನ್ನ ಪತ್ರ ತಲುಪಿತು. ನನಗೆ ಯಾರೂ ಹಾಗೆ ಬರೆದಿರಲಿಲ್ಲ. ನನ್ನ ಅತ್ತೆ ಸಿದ್ದಲಿಂಗಮ್ಮನವರು “ಯಾರ ಕಾಗದ ಅದು?” ಎಂದು ಕೇಳಿದರು. “ಬಿಳಿಚೋಡಿನ ಹುಡುಗಿ ಲೆಕ್ಕ ಕೇಳ್ಯಾಳೆ” ಎಂದೆ. ಸುಳ್ಳೇನೂ ಹೇಳಲಿಲ್ಲವಲ್ಲ.

ರಂಗಣ್ಣ ಹೋದ ಸುದ್ದಿ ಕೇಳಿ ನನಗೂ ಊಟ ಸೇರಲಿಲ್ಲ. ಬರಬೇಕೆಂದಿದ್ದೆ. ಬರಲಾಗಲಿಲ್ಲ.

ಕಾರಣ ಕೇಳಿದ್ದೀಯ. ಎಲ್ಲವನ್ನೂ ಬಿಡಿಸಿ ಬರೆಯಲು ಆಗುವುದಿಲ್ಲ, ಅದೂ ಈ ಹೊತ್ತಿನಲ್ಲಿ, ಅದೂ ಆ ಮನೆಗೆ ಹತ್ತಿರದ ನಿನಗೆ. ಹೊನ್ನೂರಮ್ಮನ ಕರಿಮಣಿ ಸರಗಳು ನ್ಯಾಮತಿಯಲ್ಲಿ ಹೆಚ್ಚಾಗಿವೆ. ಹೊನ್ನಾಳಿಯಲ್ಲೂ ಹೆಚ್ಚಾಗಿವೆ. ಇಷ್ಟು ಹೇಳಿದರೆ ಹೆಣ್ಣುಮಗಳಾದ ನಿನಗೆ ಅರ್ಥವಾಗಬೇಕು.

ಸ್ವಲ್ಪ ದಿನ ಹೋಗಲಿ. ಅವರ ಪಾಲಿನ ಕೆಲಸ ಎಲ್ಲಿಗೂ ಹೋಗುವುದಿಲ್ಲ. ಈ ಪತ್ರವನ್ನು ಅವರ ಮುಂದೆ ಓದಬೇಡ.

ಶಿವಲೀಲಾ


ಬಿಳಿಚೋಡು
11 ಫೆಬ್ರವರಿ 2025

ಶಿವಲೀಲಾ ಅವರಿಗೆ,

ಓದಲಿಲ್ಲ. ನೀವು ಹೇಳಿದಿರೆಂದಲ್ಲ, ನನಗೇ ನಾಚಿಕೆಯಾಯಿತು. “ಏನು ಬರದಾರೆ?” ಎಂದು ಹೊನ್ನೂರಮ್ಮ ಕೇಳಿದಾಗ, “ಸರ ಮಾರಾಟ ಆಗ್ದೆ ಉಳಿದಾವಂತೆ” ಎಂದೆ. ಅವರು ನಕ್ಕರು. “ಮದುವೆ ಕಾಲದಾಗ ಕರಿಮಣಿ ಉಳಿತಾವೇನೇ?” ಅಂದರು. ಆ ನಗು ನಿಮಗೆ ಕೇಳಿಸಬೇಕಿತ್ತು.

ಅವರ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ. ಐದು ಜನ ಒಂದೇ ಅಳತೆಯ, ಒಂದೇ ಮಾದರಿಯ ಸರ ಕಟ್ಟುತ್ತೇವೆ. ನಮ್ಮ ನಾಲ್ವರವು ಹೆಚ್ಚಾಗದೆ ಅವರೊಬ್ಬರವೇ ಹೆಚ್ಚಾಗುವುದು ಹೇಗೆ? ಹೆಚ್ಚಾಗಿರುವುದೇ ನಿಜವಾದರೆ ನಮಗೆ ನಾಲ್ವರಿಗೆ ಮತ್ತೆ ತಂತಿ ಕಳಿಸಿದ್ದೇಕೆ? ಸುಳ್ಳಿಗೂ ಒಂದು ಲೆಕ್ಕ ಬೇಕು.

ಹೆಚ್ಚಾದವನ್ನು ವಾಪಸ್ ಕಳಿಸಿ. ನಾವೇ ಮಾರುತ್ತೇವೆ. ಜಗಳೂರಿನಲ್ಲಿ ಮದುವೆಗಳಿಲ್ಲವೇ, ಕೊರಳುಗಳಿಲ್ಲವೇ? ಹೆಚ್ಚಾದದ್ದು ಎಂದು ಹೇಳಿಯೇ ಮಾರುತ್ತೇವೆ, ಅದರಲ್ಲಿ ಮುಚ್ಚಿಡುವುದೇನಿದೆ.

ಗಂಗೋತ್ರಿ


ಚನ್ನಗಿರಿ
17 ಫೆಬ್ರವರಿ 2025

ಗಂಗೋತ್ರಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ.

ಹೆಚ್ಚಾದ ಕರಿಮಣಿಯನ್ನು ಮಾರುವ ಮಾತು ನಿನಗೆ ಹೇಗೆ ಬಂತು? ಅದೂ ಹೇಳಿಯೇ ಮಾರುತ್ತೀಯಾ? ಯಾವ ಹೆಣ್ಣು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾಳೆ? ಯಾವ ತಾಯಿ ಮಗಳಿಗೆ ಹಾಕಿಸುತ್ತಾಳೆ? ನೀನು ದೇವರು ದಿಂಡರನ್ನು ನಂಬದವಳು ಎಂದು ಕೇಳಿದ್ದೆ. ಇರಲಿ, ಅದು ನಿನ್ನಿಷ್ಟ. ಆದರೆ ನಂಬುವವರ ಕೊರಳಿನ ಜೊತೆ ಆಟವಾಡಬೇಡ.

ಆ ಸರಗಳನ್ನು ಕಳಿಸುವುದಿಲ್ಲ. ನನ್ನ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಅಲ್ಲೇ ಇರಲಿ.

ಹೊನ್ನೂರಮ್ಮನಿಗೆ ಒಳ್ಳೆಯದಾಗಲೆಂದೇ ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ನೀನೂ ಮುಚ್ಚಿಕೋ.

ಶಿವಲೀಲಾ


ಬಿಳಿಚೋಡು
20 ಫೆಬ್ರವರಿ 2025

ಶಿವಲೀಲಾ ಅವರಿಗೆ,

ಈಗ ಎಲ್ಲವೂ ಸ್ಪಷ್ಟವಾಯಿತು. “ಯಾವ ಹೆಣ್ಣು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾಳೆ?” ಎಂದು ನಿಮ್ಮ ಕೈಯಾರೆ ಬರೆದುಕೊಟ್ಟಿದ್ದೀರಿ. ವಿಧವೆ ಕಟ್ಟಿದ ಸರವನ್ನು ಯಾರೂ ಹಾಕಿಕೊಳ್ಳುವುದಿಲ್ಲ ಎಂದು ನೇರವಾಗಿ ಹೇಳಲು ಧೈರ್ಯವಿಲ್ಲದೆ ‘ಹೆಚ್ಚಾಗಿವೆ’ ಎಂದು ಸುತ್ತಿ ಬಳಸಿದಿರಿ. ಒಳ್ಳೆಯ ಮಾಲನ್ನು ಬಟ್ಟೆ ಸುತ್ತಿ ಬಚ್ಚಿಟ್ಟುಕೊಂಡು, ಮಾಡಿದವಳನ್ನು ಮನೆಗೆ ಕಳಿಸಿದಿರಿ.

ಬಾಯಿ ಮುಚ್ಚಿಕೊಳ್ಳುವವಳು ನಾನಲ್ಲ. ಈ ವಾರದ ಡಬ್ಬಿಯನ್ನು ಬಿಚ್ಚದೆ ಅದೇ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸಿದ್ದೇವೆ. ಹೊನ್ನೂರಮ್ಮನ ಪೊಟ್ಟಣ ಬರುವವರೆಗೆ ಬಿಳಿಚೋಡಿನ ಐದು ಇಕ್ಕಳಗಳೂ ತಂತಿ ಮುಟ್ಟುವುದಿಲ್ಲ. ಚೌಡಕ್ಕ ಗೊಣಗಿದಳು, “ನಿನ್ನ ಹೋರಾಟ ನನ್ನ ಒಲೆ ಉರಸ್ತೈತೇನೇ?” ಅಂದಳು. ಆದರೂ ಕೈ ಎತ್ತಿದಳು.

ಜಗಳೂರಿನಲ್ಲಿ ಕರಪತ್ರ ಅಚ್ಚು ಹಾಕಿಸಿದ್ದೇನೆ. ನಿನ್ನೆ ನಾನೇ ಹೊನ್ನಾಳಿಗೂ ನ್ಯಾಮತಿಗೂ ಹೋಗಿ, ಬಸ್ ನಿಲ್ದಾಣದಲ್ಲಿ, ಬಳೆ ಅಂಗಡಿಗಳ ಸಾಲಿನಲ್ಲಿ, ಹೆಣ್ಣುಮಕ್ಕಳ ಕೈಗೇ ಕೊಟ್ಟು ಬಂದೆ. ನ್ಯಾಮತಿಯಲ್ಲಿ ನೀವು ಸರ ಹಾಕುವ ಕಸ್ತೂರಮ್ಮನ ಅಂಗಡಿಯ ಗೋಡೆಗೂ ಒಂದು ಅಂಟಿಸಿದ್ದೇನೆ. ನಿಮಗೂ ಒಂದು ಪ್ರತಿ ಇಟ್ಟಿದ್ದೇನೆ. ಓದಿಕೊಳ್ಳಿ:

“ಅಕ್ಕತಂಗಿಯರೇ! ‘ಹೊನ್ನೂರಮ್ಮನ ಕರಿಮಣಿ ಹೆಚ್ಚಾಗಿವೆ!’ ಇದು ಚನ್ನಗಿರಿಯ ವ್ಯಾಪಾರಿಯೊಬ್ಬರ ಮಾತು. ನಿಮ್ಮ ಕೊರಳಿನ ಸರ ಕಟ್ಟಿದ ಬಿಳಿಚೋಡಿನ ಹೊನ್ನೂರಮ್ಮ ಈಚೆಗೆ ಗಂಡನನ್ನು ಕಳೆದುಕೊಂಡರು. ಅಷ್ಟಕ್ಕೇ ಅವರ ಕೆಲಸ ಕಿತ್ತುಕೊಳ್ಳಲಾಗಿದೆ. ವಿಧವೆಯ ಕೈ ಕೈಯಲ್ಲವೇ? ನಿಮ್ಮ ಅಂಗಡಿಯವರನ್ನು ಕೇಳಿ: ಹೊನ್ನೂರಮ್ಮನ ಸರ ಎಲ್ಲಿ?”

ಕೇಳುತ್ತಾರೆ ನೋಡುತ್ತಿರಿ.

ಗಂಗೋತ್ರಿ


ಬಿಳಿಚೋಡು
27 ಫೆಬ್ರವರಿ 2025

ಶಿವಲೀಲಾ ಅವರಿಗೆ,

ನಿಮ್ಮಿಂದ ಉತ್ತರವಿಲ್ಲ.

ಶನಿವಾರ ನಿಮ್ಮ ಡಬ್ಬಿ ಬರಲಿಲ್ಲ, ಬದಲಿಗೆ ನಿನ್ನೆ ಬಸ್ಸಿನಲ್ಲಿ ಒಂದು ಗೋಣಿಚೀಲ ಬಂತು. ಕಸ್ತೂರಮ್ಮನ ಅಂಗಡಿಯಿಂದ, ನೇರವಾಗಿ ‘ಬಿಳಿಚೋಡು, ಹೊನ್ನೂರಮ್ಮ’ ಎಂದು ಬರೆದು. ಒಳಗೆ ಅಂಗಡಿಯಲ್ಲಿದ್ದ ನಮ್ಮ ಸರಗಳೆಲ್ಲ ಇದ್ದವು. ಹೊನ್ನೂರಮ್ಮನವು ಮಾತ್ರವಲ್ಲ, ಚೌಡಕ್ಕನವು, ನನ್ನವು, ಎಲ್ಲರವೂ. ಮಾರಾಟವಾದ ಕೆಲವು ಕೂಡ, ಕೊರಳಿನಿಂದ ಬಿಚ್ಚಿ ವಾಪಸ್ ಕೊಟ್ಟಂತೆ, ಅರಿಶಿನ ಕುಂಕುಮ ಮೆತ್ತಿದವು. ಒಂದು ಸಾಲಿನ ಚೀಟಿಯೂ ಇರಲಿಲ್ಲ. ಚೀಲದೊಳಗೆ ಒಂದು ಹಿಡಿ ಬೇವಿನ ಸೊಪ್ಪು ಹಾಕಿದ್ದರು.

ಇದು ನಿಮ್ಮ ಕೈವಾಡವೇ? ಅಂಗಡಿಯವರಿಗೆ ನೀವು ಏನು ಹೇಳಿದಿರಿ?

ಚೌಡಕ್ಕ ಆ ಬೇವಿನ ಸೊಪ್ಪನ್ನು ನೋಡಿ ನನ್ನ ಮುಖ ನೋಡಿದಳು. ಸಂಜೆ ಅವಳ ಮನೆ ಬಾಗಿಲು ಹಾಕಿತ್ತು. ಹೊನ್ನೂರಮ್ಮ ಮೂರು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಕರೆದರೆ ಕುರಿಗೆ ನೀರು ಇಡಬೇಕು ಅನ್ನುತ್ತಾರೆ. ಕುರಿಗಳನ್ನು ರಂಗಣ್ಣನ ತಮ್ಮ ಆಗಲೇ ಹೊಡೆದುಕೊಂಡು ಹೋಗಿದ್ದಾನೆ.

ನಾನು ಅಂಜಿ ಬರೆಯುತ್ತಿಲ್ಲ. ಉತ್ತರ ಕೇಳುತ್ತಿದ್ದೇನೆ.

ಗಂಗೋತ್ರಿ


ಚನ್ನಗಿರಿ
2 ಮಾರ್ಚ್ 2025

ಗಂಗೋತ್ರಿ,

ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದು ನೀನು.

ಮನೆಯಲ್ಲಿ ದೀಪ ಆರಿಸು ಅನ್ನುತ್ತೇವೆಯೇ? ದೊಡ್ಡದು ಮಾಡು ಅನ್ನುತ್ತೇವೆ. ಕರಿಮಣಿಗೂ ಹಾಗೆಯೇ ಒಂದು ಮಾತಿದೆ. ಕೊರಳಿನ ಸರಕ್ಕೆ ಆಗಬಾರದ್ದು ಆದರೆ, ಆ ಕೆಟ್ಟ ಮಾತನ್ನು ಯಾವ ಹೆಂಗಸೂ ಬಾಯಿಬಿಟ್ಟು ಆಡುವುದಿಲ್ಲ. ‘ಹೆಚ್ಚಾಯಿತು’ ಅನ್ನುತ್ತಾಳೆ. ಇದು ನಿನಗೆ ಗೊತ್ತಿಲ್ಲ ಎಂಬುದು ನನ್ನ ಕನಸಿನಲ್ಲೂ ಹೊಳೆಯಲಿಲ್ಲ. ನಿನ್ನ ಕರಪತ್ರ ಕೈಗೆ ಬಂದಾಗ ಹೊಳೆಯಿತು. ಈ ಹುಡುಗಿ ನನ್ನ ಮಾತನ್ನು ಅಂಗಡಿಯ ದಾಸ್ತಾನಿನ ಮಾತಾಗಿ ಓದಿದ್ದಾಳೆ!

ಈಗ ಬಿಡಿಸಿ ಬರೆಯುತ್ತೇನೆ, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ. ಡಿಸೆಂಬರಿನಲ್ಲಿ ನ್ಯಾಮತಿಯಲ್ಲಿ ಒಬ್ಬ ಬಾಣಂತಿ ಮಗುವನ್ನು ತೊಟ್ಟಿಲಿಗೆ ಹಾಕಲು ಬಗ್ಗಿದಾಗ ಅವಳ ಸರ ಹೆಚ್ಚಾಗಿ ಮಗುವಿನ ಮೇಲೇ ಬಿತ್ತು. ಆಮೇಲೆ ಹೊನ್ನಾಳಿಯಲ್ಲಿ ಒಬ್ಬ ಹೊಸ ಮದುಮಗಳದು. ಆಮೇಲೆ ಕಸ್ತೂರಮ್ಮನ ಸೊಸೆಯದೇ. ಮೂರೂ ಹೊನ್ನೂರಮ್ಮನ ಕೈಯವು. ಕಸ್ತೂರಮ್ಮ ನನ್ನನ್ನು ಒಳಗೆ ಕೂರಿಸಿಕೊಂಡು ಕೇಳಿದರು, “ಕಟ್ಟಿದಾಕೆ ಮುತ್ತೈದೆ ಹೌದೇನ್ರೀ?” ಹೌದು ಎಂದೆ. ಆಗ ಅದು ನಿಜ. ಜನವರಿಯಲ್ಲಿ ನಿಜವಾಗಿ ಉಳಿಯಲಿಲ್ಲ.

ಮೊದಲು ಸರ, ಆಮೇಲೆ ಗಂಡ. ಹೀಗೆ ಜೋಡಿಸಿದರೆ ಜನ ಏನನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಯಾರು ಕಟ್ಟಿದ್ದು, ಯಾವ ಊರು, ಅವರ ಮನೆಯಲ್ಲಿ ಏನಾಯಿತು, ಯಾವುದನ್ನೂ ಕಸ್ತೂರಮ್ಮನಿಗೆ ಹೇಳಲಿಲ್ಲ. ಸ್ವಲ್ಪ ದಿನ ಹೊನ್ನೂರಮ್ಮನ ಸರ ಪೇಟೆಗೆ ಹೋಗದಿದ್ದರೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡೆ. ನೀನು ಹೆಸರು ಹಾಕಿ, ಊರು ಹಾಕಿ, ಗಂಡ ಸತ್ತದ್ದನ್ನು ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ‘ಹೊನ್ನೂರಮ್ಮನ ಕರಿಮಣಿ ಹೆಚ್ಚಾಗಿವೆ’ ಎಂದು ಅಚ್ಚು ಹಾಕಿಸಿ, ಕಸ್ತೂರಮ್ಮನ ಗೋಡೆಗೇ ಅಂಟಿಸಿದೆ.

“ಆ ಹುಡುಗಿ ಊರಿಗೇ ಎಚ್ಚರಿಕೆ ಕೊಟ್ಟು ಹೋದ್ಲು, ಪುಣ್ಯಾತಗಿತ್ತಿ” ಎಂದು ಕಸ್ತೂರಮ್ಮ ನಿನ್ನನ್ನು ಹೊಗಳಿದರು.

ಶಿವಲೀಲಾ


ಬಿಳಿಚೋಡು
6 ಮಾರ್ಚ್ 2025

ಶಿವಲೀಲಕ್ಕ,

ನಾನು ತಪ್ಪು ಓದಿದೆ. ತಪ್ಪು ಓದಿದ್ದನ್ನು ಅಚ್ಚು ಹಾಕಿಸಿದೆ. ನನ್ನ ಅವ್ವ ನನಗೆ ಮೂರು ವರ್ಷವಿದ್ದಾಗ ತೀರಿಕೊಂಡಳು. ಅಪ್ಪ ಒಬ್ಬನೇ ಸಾಕಿದ. ಕರಿಮಣಿ ಹಾಕಿದ ಕೊರಳು ನಮ್ಮ ಮನೆಯೊಳಗೆ ಇರಲಿಲ್ಲ, ಅದರ ಮಾತುಗಳೂ ಇರಲಿಲ್ಲ. ಇದನ್ನು ಕ್ಷಮೆಗಾಗಿ ಹೇಳುತ್ತಿಲ್ಲ.

ನಿಮ್ಮ ಪತ್ರ ಹಿಡಿದುಕೊಂಡು ಹೊನ್ನೂರಮ್ಮನ ಮನೆಗೆ ಹೋದೆ. ಕದ ದೂಡಿ ಒಳಗೆ ಹೋಗಿ ಕೂತೆ. ನಾನು ಬಾಯಿ ತೆಗೆಯುವ ಮೊದಲೇ ಅವರು ಕೇಳಿದರು:

“ನನ್ನ ಕರಿಮಣಿ ಹೆಚ್ಚಾಗಿದ್ದು ನಿಂಗ್ಯಾರು ಹೇಳಿದ್ರು?”

ನನಗೆ ಅರ್ಥವಾಗಲಿಲ್ಲ.

“ಕಾಗದದಾಗೆ ಹಾಕ್ಸೀಯಲ್ಲ, ಹೊನ್ನೂರಮ್ಮನ ಕರಿಮಣಿ ಹೆಚ್ಚಾಗೈತೆ ಅಂತ. ಚೌಡಕ್ಕನ ಮಗಳು ಓದಿ ಹೇಳಿದ್ಲು. ನಾನು ಯಾರಿಗೂ ಹೇಳಿರ್ಲಿಲ್ಲ. ಆತಗೂ ಹೇಳಿರ್ಲಿಲ್ಲ. ನಿಂಗೆ ಹೆಂಗೆ ಗೊತ್ತಾತು?”

ಶಿವಲೀಲಕ್ಕ, ಅವರ ಕೊರಳಿನದೂ ಹೆಚ್ಚಾಗಿತ್ತು. ರಂಗಣ್ಣ ಹೋಗುವ ನಾಲ್ಕು ದಿನ ಮೊದಲು, ಕಸ ಬಳಿಯುವಾಗ ಮಡಿಲಿಗೆ ಬಿತ್ತಂತೆ. ಯಾರೂ ನೋಡಲಿಲ್ಲವೆಂದು ತಾವೇ ಇಕ್ಕಳ ಹಿಡಿದು ಕೂಡಿಸಿ ಹಾಕಿಕೊಂಡರಂತೆ. “ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸ್ಬೇಕಿತ್ತು. ಮುಚ್ಚಿಟ್ಟೆ. ಅದಕ್ಕೇ ಹಿಂಗಾತು. ನಾನೇ ತಿಂದ್ಕಂಡೆ ಆತನ್ನ” ಅಂದರು. ಎರಡು ತಿಂಗಳಿಂದ ಇದನ್ನು ಒಬ್ಬರೇ ಹೊತ್ತುಕೊಂಡು ನಮ್ಮ ಜೊತೆ ಜಗಲಿಯ ಮೇಲೆ ಕೂರುತ್ತಿದ್ದರು. ನನ್ನ ಕರಪತ್ರ ಅದನ್ನೇ ಊರಿಗೆ ಸಾರಿತು ಎಂದುಕೊಂಡಿದ್ದರು.

ನನ್ನ ಕಿರುಹೊತ್ತಿಗೆಗಳಲ್ಲಿ ಓದಿದ್ದನ್ನೇ ಒಪ್ಪಿಸಿದೆ. ಶಕುನ ಸುಳ್ಳು ಎಂದು ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ಮಕ್ಕಳ ಮಾತಿಗೆ ಅಲ್ಲಾಡಿಸುವ ಹಾಗೆ. ಆಮೇಲೆ ಸುಮ್ಮನೆ ಕೇಳಿದೆ, ಅದು ಯಾವ ತಂತಿ?

“ಹೊಸ ಸುರುಳೀದು. ಡಿಸೆಂಬರ್ನಾಗೆ ನಂಗೊಬ್ಬಾಕಿಗೇ ಕಳಿಸಿದ್ರಲ್ಲ, ಅದರಾಗೆ ತುದಿ ಉಳಿದಿತ್ತು. ನಂಗೂ ಒಂದು ಕಟ್ಟಿಕೊಂಡೆ.”

ಆ ಸುರುಳಿಯ ತುಂಡುಗಳು ಅವರ ಡಬ್ಬಿಯಲ್ಲಿ ಇನ್ನೂ ಇದ್ದವು. ನನ್ನ ಪೊಟ್ಟಣದ ಹಳೆಯ ತಂತಿ ತಂದೆ. ಎರಡನ್ನೂ ಇಕ್ಕಳದ ಮೂತಿಗೆ ಸುತ್ತಿ ಬಿಚ್ಚಿದೆ. ಹಳೆಯದು ಎಷ್ಟು ಸಲ ಬಗ್ಗಿಸಿದರೂ ಹೇಳಿದ ಮಾತು ಕೇಳುತ್ತದೆ. ಹೊಸದು ಎರಡನೆಯ ಸುತ್ತಿಗೆ ಒಣಕಡ್ಡಿಯ ಹಾಗೆ ಪಟ್ ಅಂದಿತು. ಮೇಲಿನ ಬಣ್ಣ ಮಾತ್ರ ಒಂದೇ.

ಹೊನ್ನೂರಮ್ಮ ನನ್ನ ಕೈಯಿಂದ ಇಕ್ಕಳ ಕಿತ್ತುಕೊಂಡರು. ಒಂದು ತುಂಡು ಸುತ್ತಿದರು. ಪಟ್. ಇನ್ನೊಂದು. ಪಟ್.

“ತಂತಿನಾ?” ಅಂದರು.

ಮತ್ತೊಂದನ್ನು ಮುರಿದು, “ತಂತಿನಾ ಮಗಾ?”

ಡಬ್ಬಿಯಲ್ಲಿದ್ದ ತುಂಡುಗಳನ್ನೆಲ್ಲ ಒಂದೊಂದಾಗಿ ಸುತ್ತಿ ಮುರಿದರು. ಮಡಿಲು ತುಂಬ ಚೂರು. ನಾನು ತಡೆಯಲಿಲ್ಲ.

ಈಗ ನಿಮಗೆ ನನ್ನ ಪ್ರಶ್ನೆ. ಫೆಬ್ರವರಿಯಲ್ಲಿ ನಮಗೆ ನಾಲ್ವರಿಗೆ ಬಂದದ್ದು ಹಳೆಯ ತಂತಿ. ಅಂದರೆ ನೀವು ಹೊಸದನ್ನು ಕೊಡುವುದು ನಿಲ್ಲಿಸಿದ್ದಿರಿ. ಅಂದರೆ ನಿಮಗೆ ಗೊತ್ತಿತ್ತು.

ಗೊತ್ತಿದ್ದರೂ ತಂತಿಯ ತಪ್ಪನ್ನು ಒಬ್ಬ ಹೆಂಗಸಿನ ಹಣೆಗೆ ಬಿಟ್ಟಿರಿ. ನಾನು ಗೊತ್ತಿಲ್ಲದೆ ಸಾರಿದೆ. ನೀವು ಗೊತ್ತಿದ್ದು ಮುಚ್ಚಿಟ್ಟಿರಿ. ಯಾವುದು ದೊಡ್ಡದು ಎಂದು ಜಗಳವಾಡಲು ನನಗೆ ಈಗ ಪುರುಸೊತ್ತಿಲ್ಲ. ಹೊನ್ನೂರಮ್ಮ ಕಸ್ತೂರಮ್ಮನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನೀವು ಬೀರುವಿನಲ್ಲಿಟ್ಟ ಸರಗಳನ್ನು ಎಲ್ಲರ ಕಣ್ಣೆದುರು ಹಳೆಯ ತಂತಿಯಿಂದ ಕಟ್ಟಬೇಕು. ಮೊಟ್ಟಮೊದಲು ನೀವು ನಿಮ್ಮ ಕೊರಳಿನ ಕರಿಮಣಿಯನ್ನು ಅವರ ಕೈಗೆ ಕೊಟ್ಟು ಬಿಗಿ ಮಾಡಿಸಿಕೊಳ್ಳಬೇಕು. ನ್ಯಾಮತಿಯ ಹೆಂಗಸರು ಮಾತು ನಂಬುವುದಿಲ್ಲ. ಕೊರಳನ್ನು ನಂಬುತ್ತಾರೆ.

ಗಂಗೋತ್ರಿ


ಚನ್ನಗಿರಿ
11 ಮಾರ್ಚ್ 2025

ಗಂಗೋತ್ರಿ,

ಹೊನ್ನೂರಮ್ಮನ ಕೊರಳಿನ ವಿಷಯ ಓದಿದೆ. ಅದು ನನಗೆ ಗೊತ್ತಿರಲಿಲ್ಲ. ದಯವಿಟ್ಟು ಅದನ್ನು ನಂಬು.

ಉಳಿದದ್ದು ಗೊತ್ತಿತ್ತು. ಆ ಸುರುಳಿಗಳನ್ನು ದಾವಣಗೆರೆಯಿಂದ ತಂದದ್ದು ನನ್ನ ಯಜಮಾನರು. ಮುಟ್ಟಿದಾಗಲೇ ಬಿರುಸು ಅನ್ನಿಸಿತು. “ಇದು ಮೆದು ಇಲ್ಲ ಕಣ್ರೀ” ಎಂದೆ. “ಕೈ ಚೆನ್ನಾಗಿದ್ರೆ ತಂತಿ ಏನು ಮಾಡ್ತೈತೆ?” ಅಂದರು. ಬಿಳಿಚೋಡಿನಲ್ಲಿ ಎಲ್ಲರಿಗಿಂತ ಚೆನ್ನಾದ ಕೈ ಯಾರದು? ಅವರಿಗೇ ಕಳಿಸಿದೆ. ಮೂರು ಸರ ಹೀಗಾದ ಮೇಲೆ ಉಳಿದ ಸುರುಳಿಗಳನ್ನು ಸದ್ದಿಲ್ಲದೆ ಅಟ್ಟಕ್ಕೆ ಹಾಕಿದೆ. ತಂತಿ ಕೆಟ್ಟದು ಎಂದರೆ ಮನೆಯಲ್ಲಿ ಯಜಮಾನರ ಮುಖ ನೋಡಬೇಕು, ಅಂಗಡಿಗಳಲ್ಲಿ ನನ್ನ ಮಾತು ಬೀಳುತ್ತದೆ. ಕೈಗುಣ ಎಂದರೆ ಯಾರೂ ಏನೂ ಕೇಳುವುದಿಲ್ಲ. ನಾನು ಬಾಯಿಬಿಟ್ಟು ಕೈಗುಣ ಎನ್ನಲಿಲ್ಲ. ಕಸ್ತೂರಮ್ಮ ಅಂದಾಗ ಅಲ್ಲ ಎಂದೂ ಎನ್ನಲಿಲ್ಲ.

ನ್ಯಾಮತಿಗೆ ಬರುತ್ತೇನೆ. ತಂತಿಯದೇ ತಪ್ಪು ಎಂದು ಕಸ್ತೂರಮ್ಮನ ಮುಂದೆ ಹೇಳುತ್ತೇನೆ. ಬೀರುವಿನ ಸರಗಳನ್ನೂ ತರುತ್ತೇನೆ.

ಕೊರಳಿನದನ್ನು ಮಾತ್ರ ಕೇಳಬೇಡ. ನೀನು ನಗುತ್ತೀಯ. ನನ್ನ ಯಜಮಾನರಿಗೆ ಹೋದ ವರ್ಷ ಸಕ್ಕರೆ ಕಾಯಿಲೆ ವಿಪರೀತವಾಗಿ ಆಸ್ಪತ್ರೆಯಲ್ಲಿ ಮಲಗಿಸಿದ್ದೆವು. ಅಷ್ಟು ದಿನವೂ ನಾನು ಕೊರಳಿನ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದೆ. ತಂತಿ ಎಂದು ಬುದ್ಧಿಗೆ ಗೊತ್ತು. ಕೈಗೆ ಗೊತ್ತಿಲ್ಲ. ಗಂಡ ಹೋದವರ ಕೈಗೆ ಅದನ್ನು ಬಿಚ್ಚಿ ಕೊಡಲು ನನ್ನಿಂದಾಗದು.

ಶಿವಲೀಲಾ


ಬಿಳಿಚೋಡು
15 ಮಾರ್ಚ್ 2025

ಶಿವಲೀಲಕ್ಕ,

ನಾನು ನಗಲಿಲ್ಲ. ಕೋಪ ಬಂತು. ಉತ್ತರ ಬರೆದು ಹರಿದು ಹಾಕಿದೆ.

ಈ ಸಲ ನಿಮ್ಮ ಪತ್ರವನ್ನು ಹೊನ್ನೂರಮ್ಮನಿಗೆ ಪೂರ್ತಿ ಓದಿ ಹೇಳಿದೆ, ಗಂಡ ಹೋದವರ ಕೈ ಎಂಬ ಮಾತನ್ನೂ ಬಿಡದೆ. ಇನ್ನು ಮೇಲೆ ಅವರ ಪರವಾಗಿ ಏನನ್ನೂ ನುಂಗುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅವರು ನನ್ನ ಹಳೆಯ ತಂತಿಯಲ್ಲಿ ಒಂದು ಕೊಂಡಿ ತಿರುವಿ ಮುಗಿಸಿದರು. ಆಮೇಲೆ ಅಂದರು:

“ಆಯಮ್ಮಂಗೆ ಬಲವಂತ ಮಾಡಬ್ಯಾಡ. ಆಕೆ ಕೊರಳಿಗೆ ಕೈ ಹಾಕಾಕೆ ನಂಗೂ ಭಯಾನೇ. ನಾಳೆ ಆಕೆ ಗಂಡ ಜಯದೇವಪ್ಪಂಗೆ ಕೆಮ್ಮು ಬಂದ್ರೂ ನಂಗೆ ನಿದ್ದೆ ಬರಾಕಿಲ್ಲ.”

ಹಾಗಿದ್ದರೆ ನ್ಯಾಮತಿಗೆ ಹೋಗುವುದು ಬೇಡವೇ ಎಂದೆ.

“ಹೋಗ್ತೀನಿ. ಯಾರೂ ಕೊರಳು ಕೊಡದಿದ್ರೂ ಹೋಗಿ ಕೂರ್ತೀನಿ. ನಾನು ಆತನ್ನ ತಿಂದಿಲ್ಲ ಅಂತ ಅಲ್ಲಿ ಕೂತು ಹೇಳ್ಬೇಕು. ನಿನ್ನ ಕರಪತ್ರ ಬ್ಯಾಡ. ನನ್ನ ಬಾಯಿ ಐತೆ.”

ಆದ್ದರಿಂದ ನನ್ನ ಷರತ್ತನ್ನು ವಾಪಸ್ ತೆಗೆದುಕೊಂಡಿದ್ದೇನೆ. ನಾವಿಬ್ಬರೂ 24ನೇ ತಾರೀಖು ಸೋಮವಾರ ಮೊದಲ ಬಸ್ಸಿಗೆ ಹೊರಟು, ದಾವಣಗೆರೆ ಮೇಲೆ ಹೊನ್ನಾಳಿ ದಾಟಿ ಬರುತ್ತೇವೆ. ಚೌಡಕ್ಕನೂ ಬರುತ್ತಾಳಂತೆ. “ನೀನು ಹಚ್ಚಿದ ಬೆಂಕಿ, ನೀರು ಹೊರಾಕೆ ನಾವು ಬೇಕು” ಅಂದಳು. ಕಸ್ತೂರಮ್ಮ ಬೇವಿನ ಸೊಪ್ಪು ಹಿಡಿದು ನಿಂತರೆ ನಿಲ್ಲಲಿ. ನೀವು ಬಂದು ತಂತಿಯ ಮಾತು ಹೇಳಿದರೆ ಸಾಕು. ಬಾರದಿದ್ದರೂ ನಾವು ಕೂರುತ್ತೇವೆ.

ಗಂಗೋತ್ರಿ


ಚನ್ನಗಿರಿ
19 ಮಾರ್ಚ್ 2025

ಗಂಗೋತ್ರಿ,

ಈ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಬಾಚಣಿಗೆಯ ಹಲ್ಲು ಕರಿಮಣಿಗೆ ಸಿಕ್ಕಿತು. ನನ್ನ ಸರ ನೆಲಕ್ಕೆ ಬಿತ್ತು.

ಡಿಸೆಂಬರಿನಲ್ಲಿ ಹೊನ್ನೂರಮ್ಮ ನನಗೆಂದು ಪ್ರೀತಿಯಿಂದ ಬೇರೆಯಾಗಿ ಒಂದು ಸರ ಕಟ್ಟಿ ಕಳಿಸಿದ್ದರು. ಅದನ್ನೇ ಹಾಕಿಕೊಂಡಿದ್ದೆ. ಯಾವ ಸುರುಳಿಯದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಈ ಮೂರು ತಿಂಗಳು ಮುಷ್ಟಿ ಬಿಗಿಹಿಡಿದಿದ್ದೆ. ನಿನಗೆ ಬರೆದ ಪತ್ರದಲ್ಲೂ ಅದನ್ನು ಬರೆಯಲಿಲ್ಲ.

ಅತ್ತೆ ಓಡಿ ಬಂದು, “ಹೆಚ್ಚಾತು, ಹೆಚ್ಚಾತು!” ಎಂದು ಎದೆ ಬಡಿದುಕೊಂಡರು. ಯಜಮಾನರು ರೊಟ್ಟಿ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡೇ ಬಂದು ನಿಂತರು. “ಯವ್ವಾ, ನಾನಿನ್ನೂ ಇದೀನಲ್ಲ!” ಅಂದರು. ನಾನು ಅಳುತ್ತಲೇ ನಕ್ಕೆ. ಸರವನ್ನು ಎತ್ತಿ ಅವರ ತಟ್ಟೆಯ ಅಂಚಿನಲ್ಲಿಟ್ಟೆ. ಕೊಂಡಿ ಬಿಚ್ಚಿಕೊಂಡಿರಲಿಲ್ಲ. ಹೊನ್ನೂರಮ್ಮನ ಕೊಂಡಿಗಳು ಕಟ್ಟಿದ ಹಾಗೇ ಇದ್ದವು. ಕೊಂಡಿ ತಿರುಗುವ ಬಾಗಿನಲ್ಲಿ ತಂತಿಯೇ ಸೀಳಿತ್ತು. ಅಟ್ಟದಿಂದ ಒಂದು ಸುರುಳಿ ಇಳಿಸಿ, ಅವರ ಕೈಗೇ ಕೊಟ್ಟು ಬಗ್ಗಿಸಿ ನೋಡಿ ಎಂದೆ. ನೋಡಿದರು. ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಅಂಗಡಿಗೆ ಹೊರಟಾಗ ಸುರುಳಿಗಳನ್ನೆಲ್ಲ ಗಾಡಿಗೆ ಹಾಕಿಕೊಂಡು ಹೋದರು.

ತಾಳಿಯನ್ನು ಅರಿಶಿನ ದಾರಕ್ಕೆ ಕಟ್ಟಿಕೊಂಡಿದ್ದೇನೆ. ಇಲ್ಲಿಯ ಅಕ್ಕಸಾಲಿಗರು ಮಧ್ಯಾಹ್ನದೊಳಗೆ ಕೂಡಿಸಿ ಕೊಡುತ್ತಾರೆ ಎಂದು ಅತ್ತೆ ಒತ್ತಾಯಿಸುತ್ತಿದ್ದಾರೆ. ಕೊಡುವುದಿಲ್ಲ ಎಂದಿದ್ದೇನೆ. ನನಗೆ ಈಗಲೂ ಭಯವಿದೆ. ಹೊನ್ನೂರಮ್ಮನಿಗೂ ಇದೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ನನ್ನದು ಸ್ವಲ್ಪ ಹಗುರವಾಗಿದೆ. ಇಬ್ಬರೂ ಭಯಪಟ್ಟುಕೊಂಡೇ ಮಾಡಿದರಾಯಿತು.

ಅವರಿಗೆ ಹೀಗೆ ಓದಿ ಹೇಳು: ನನ್ನ ಕರಿಮಣಿ ತುಂಡಾಗಿದೆ. ಹೆಚ್ಚಾಗಿಲ್ಲ. ತಂತಿ ಕೆಟ್ಟದಿತ್ತು, ತುಂಡಾಗಿದೆ. ಬೇರೆ ಯಾರ ಕೈಗೂ ಕೊಡದೆ ಇಟ್ಟುಕೊಂಡಿದ್ದೇನೆ. ಇಕ್ಕಳ ತರಲಿ, ಹಳೆಯ ತಂತಿ ನಾನು ತರುತ್ತೇನೆ.

ನ್ಯಾಮತಿ, ಕಸ್ತೂರಮ್ಮನ ಅಂಗಡಿಯ ಮೆಟ್ಟಿಲು. ಮಾರ್ಚ್ 24, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ.

ಶಿವಲೀಲಾ